ಕಡೆದ ಕಂಬ, ಕಡೆಯುವ ಕೈ

ನಮ್ಮ ಅಡುಗೆಮನೆಯಲ್ಲಿ ಒಂದು ಹಳೆಯ ಲಟ್ಟಣಿಗೆ ಇದೆ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ನನ್ನಾಕೆಗೆ ಬಂದದ್ದು. ಎರಡು ತುದಿಗಳಲ್ಲಿ ಹಿಡಿ, ನಡುವೆ ತುಸು ಉಬ್ಬು. ಎಲ್ಲಿ ಮುಟ್ಟಿದರೂ ಮೂಲೆಯಿಲ್ಲ, ಏರುತಗ್ಗಿಲ್ಲ. ಅದರಿಂದ ಲಟ್ಟಿಸಿದ ಹೋಳಿಗೆಯನ್ನು ನಾನು ನೂರಾರು ಸಲ ಹೊಗಳಿದ್ದೇನೆ. ಆದರೆ ಆ ಮರದ ತುಂಡನ್ನು ಅಷ್ಟು ದುಂಡಗೆ ಮಾಡಿದವರು ಯಾರು, ಹೇಗೆ ಮಾಡಿದರು ಎಂಬ ಪ್ರಶ್ನೆ ಒಂದು ಸಲವೂ ನನ್ನ ತಲೆಗೆ ಹೊಳೆದಿರಲಿಲ್ಲವೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಈ ನಾಚಿಕೆ ಹುಟ್ಟಿದ್ದು ಕಳೆದ ಕಾರ್ತಿಕದಲ್ಲಿ, ಶಿಕಾರಿಪುರದ ಒಂದು ಲೇತ್ ಅಂಗಡಿಯಲ್ಲಿ. ಆ ಸಂಗತಿಯನ್ನೇ ಈ ವಾರ ವಾಚಕರ ಮುಂದಿಡುತ್ತೇನೆ.

ದೀಪಾವಳಿಯ ರಜೆಗೆಂದು ಸಂಸಾರಸಮೇತನಾಗಿ ಸೊರಬ ತಾಲ್ಲೂಕಿನಲ್ಲಿರುವ ಚಿಕ್ಕಪ್ಪನವರ ಮನೆಗೆ ಹೋಗಿದ್ದೆ. ಅಡಿಕೆ ಕೊಯ್ಲಿನ ಕಾಲ. ಅಂಗಳದ ತುಂಬ ಹಸಿ ಅಡಿಕೆಯ ರಾಶಿ, ಹಿತ್ತಿಲಲ್ಲಿ ಒಲೆಯ ಮೇಲೆ ಹಂಡೆ, ಮನೆಯೆಲ್ಲ ಚೊಗರಿನ ವಾಸನೆ. ಎಳೆಯ ಅಡಿಕೆಯನ್ನು ಕೊಯ್ದ ಮೇಲೆ ಒಂದೆರಡು ದಿನಗಳಲ್ಲಿ ಸುಲಿದು ಬೇಯಿಸಿ ಬಿಸಿಲಿಗೆ ಹರಡಬೇಕು. ತಡವಾದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಬೆಲೆ ಕೆಡುತ್ತದೆ. ಹಿಂದೆ ಊರಿನ ಹೆಂಗಸರು ಗಂಡಸರೆಲ್ಲ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯೆಲ್ಲ ಸುಲಿಯುತ್ತಿದ್ದರು. ಈಗ ಕೈಗಳು ಸಿಕ್ಕುವುದಿಲ್ಲ. ಚಿಕ್ಕಪ್ಪನವರು ಸುಲಿಯುವ ಯಂತ್ರ ತಂದಿದ್ದಾರೆ.

ನಾವು ಹೋದ ಮರುದಿನ ಬೆಳಗ್ಗೆಯೇ ಆ ಯಂತ್ರ ಒಮ್ಮೆ ಕಿರುಚಿ, ಗಡಗಡನೆ ನಡುಗಿ, ನಿಂತುಹೋಯಿತು. ಬಿಚ್ಚಿ ನೋಡಿದರೆ ಒಳಗಿನ ಶಾಫ್ಟು ಎರಡು ತುಂಡಾಗಿತ್ತು. ಯಂತ್ರ ಮಾರಿದವರಿಗೆ ಫೋನು ಮಾಡಿದರೆ, ಬಿಡಿಭಾಗ ಬರಲು ಎಂಟು ಹತ್ತು ದಿನ ಹಿಡಿಯುತ್ತದೆಂಬ ಉತ್ತರ ಬಂತು. ಚಿಕ್ಕಪ್ಪನವರು ಅಂಗಳದ ರಾಶಿಯನ್ನೊಮ್ಮೆ ನೋಡಿದರು, ತುಂಡಾದ ಶಾಫ್ಟನ್ನೊಮ್ಮೆ ನೋಡಿದರು. ವರ್ಷವಿಡೀ ತೋಟಕ್ಕೆ ಸುರಿದ ಬೆವರು ಆ ರಾಶಿಯಲ್ಲಿತ್ತು. "ನಡಿ, ಶಿಕಾರಿಪುರಕ್ಕೆ ಹೋಗಿ ಬರೋಣ. ಅಲ್ಲೊಬ್ಬರು ಇದ್ದಾರೆ" ಎಂದರು. ಹತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗನೂ ಹಟ ಹಿಡಿದು ಕಾರು ಹತ್ತಿದ.

ಅಂಗಡಿಯೆಂದರೆ ತಗಡಿನ ಮಾಡಿನ ಒಂದು ಕೋಣೆ. ಗೋಡೆಯ ತುಂಬ ಎಣ್ಣೆಯ ಕಲೆ, ನೆಲದ ಮೇಲೆ ಉಕ್ಕಿನ ಸುರುಳಿಗಳು. ನಡುವೆ, ಬಣ್ಣ ಮಾಸಿದ, ಆದರೆ ಒರೆಸಿ ಮಿರುಗುತ್ತಿದ್ದ ಲೇತ್ ಯಂತ್ರ. ಅದರ ಒಡೆಯರು ಅರವತ್ತು ದಾಟಿದವರು. ಕಣ್ಣಿಗೆ ದಪ್ಪ ಕನ್ನಡಕ, ಮೊಳಕೈವರೆಗೆ ಮಡಿಸಿದ ತೋಳು. ಚಿಕ್ಕಪ್ಪನವರು ಕೊಟ್ಟ ತುಂಡುಗಳನ್ನು ಬೆಳಕಿಗೆ ಹಿಡಿದು, ವೈದ್ಯರು ನಾಡಿ ನೋಡುವಷ್ಟು ಹೊತ್ತು ನೋಡಿದರು.

"ಬಾರಪ್ಪ ಇಲ್ಲಿ" ಎಂದು ನನ್ನ ಮಗನನ್ನು ಕರೆದರು. "ಮುರಿದ ಮುಖ ನೋಡು. ಒಂದು ಕಡೆ ನುಣುಪಾಗಿ, ಚಿಪ್ಪಿನ ಮೇಲಿನ ಗೆರೆಗಳ ಹಾಗೆ ಗೆರೆ ಕಾಣುತ್ತದಲ್ಲ? ಇನ್ನೊಂದು ಕಡೆ ಬೆಲ್ಲದ ಹಾಗೆ ಒರಟು. ಇದು ಇವತ್ತು ಮುರಿದದ್ದಲ್ಲ. ಎಷ್ಟೋ ತಿಂಗಳಿಂದ ಬಿರುಕು ಒಳಗೊಳಗೇ ಹರಿದಿದೆ. ಒರಟಾದ ಭಾಗ ಮಾತ್ರ ಇವತ್ತಿನದು. ಶಾಫ್ಟು ದಪ್ಪದಿಂದ ಸಣ್ಣದಾಗುವ ಮೆಟ್ಟಿಲಿನಲ್ಲಿ ಮೂಲೆಯನ್ನು ಚೂಪಾಗಿ ಬಿಟ್ಟಿದ್ದಾರೆ. ಬಿರುಕಿಗೆ ಚೂಪು ಮೂಲೆಯೇ ಬಾಗಿಲು."

ಹೊಸ ಶಾಫ್ಟಿಗಾಗಿ ೩೨ ಮಿಲಿಮೀಟರ್ ವ್ಯಾಸದ ಉಕ್ಕಿನ ಸರಳೊಂದನ್ನು ಆರಿಸಿದರು. ನಾನು, ಇನ್ನು ಕತ್ತಿ ತಾಗಿಸುವುದಷ್ಟೇ ಬಾಕಿ ಎಂದುಕೊಂಡೆ. ಅವರು ಹಾಗೆ ಮಾಡಲಿಲ್ಲ. ಸರಳಿನ ಎರಡು ತುದಿಗಳನ್ನೂ ಸಮ ಮಾಡಿ, ಎರಡರ ನಟ್ಟನಡುವೆ ಒಂದೊಂದು ಸಣ್ಣ ಗುಳಿ ಕೊರೆದರು. ಆಮೇಲೆ ಲೇತಿನ ಎರಡು ಮೊನೆಗಳ ನಡುವೆ, ಆ ಗುಳಿಗಳಲ್ಲಿ, ಸರಳನ್ನು ಕೂರಿಸಿದರು. ಸಣ್ಣ ಗಡಿಯಾರದಂಥ ಒಂದು ಮಾಪಕವನ್ನು ತಂದಿಟ್ಟು, ಸರಳನ್ನು ಕೈಯಿಂದ ತಿರುಗಿಸಿ, ಮುಳ್ಳು ಎಷ್ಟು ಅಲುಗುತ್ತದೆಂದು ನೋಡಿದರು. ಇದಕ್ಕೇ ಅರ್ಧ ಗಂಟೆ ಹಿಡಿಯಿತು. ಚಿಕ್ಕಪ್ಪನವರು ಎರಡು ಸಲ ಗಡಿಯಾರ ನೋಡಿಕೊಂಡರು. ಅದನ್ನು ಗಮನಿಸಿ ಅವರು ನಕ್ಕರು: "ಮೊದಲು ಕೇಂದ್ರ, ಆಮೇಲೆ ಕತ್ತಿ, ಸ್ವಾಮಿ. ಕೇಂದ್ರ ಸಿಕ್ಕದೆ ಕಡೆದರೆ ಕೆಲಸ ಬೇಗ ಮುಗಿಯುತ್ತದೆ. ಯಂತ್ರವೂ ಬೇಗ ಮುಗಿಯುತ್ತದೆ."

ಆಮೇಲೆ ಹುಡುಗನನ್ನು ಕೇಳಿದರು: "ಈ ಜಾತಿಯ ಉಕ್ಕು ನನ್ನ ಕತ್ತಿಯ ಮುಂದೆ ನಿಮಿಷಕ್ಕೆ ೩೦ ಮೀಟರಿನಷ್ಟು ಹರಿದರೆ ಚೆನ್ನ. ಸರಳಿನ ವ್ಯಾಸ ೩೨ ಮಿಲಿಮೀಟರ್. ನಿಮಿಷಕ್ಕೆ ಎಷ್ಟು ಸುತ್ತು ಇಡಲಿ?"

ನನ್ನ ಮಗನಿಗೆ ಗಣಿತವೆಂದರೆ ಕಹಿ ಕಷಾಯ; ಅದಕ್ಕಾಗಿ ವಾರಕ್ಕೆ ನಾಲ್ಕು ದಿನ ಮನೆಪಾಠ ಹೇಳಿಸುತ್ತಿದ್ದೇನೆ. ಅವನು ನನ್ನ ಮುಖ ನೋಡಿದ. ನಾನು ಮಾಡಿನ ಕಡೆ ನೋಡಿದೆ. ಸ್ವಲ್ಪ ಹೊತ್ತಾದ ಮೇಲೆ ಅವನೇ ಗುನುಗಿದ: "ವ್ಯಾಸವನ್ನು ಮೂರು ಬಿಂದು ಒಂದು ನಾಲ್ಕರಿಂದ ಗುಣಿಸಿದರೆ ಸುತ್ತಳತೆ ಸುಮಾರು ೧೦೦ ಮಿಲಿಮೀಟರ್. ಮೂವತ್ತು ಮೀಟರ್ ಎಂದರೆ ಮೂವತ್ತು ಸಾವಿರ ಮಿಲಿಮೀಟರ್. ಹಾಗಾದರೆ… ಮುನ್ನೂರು!" ಅವರು ಮಾತಾಡದೆ ಸನ್ನೆಯನ್ನು ಮುನ್ನೂರರ ಹತ್ತಿರದ ವೇಗಕ್ಕೆ ತಿರುಗಿಸಿದರು. ಅಷ್ಟು ವರ್ಷದ ಮನೆಪಾಠದಲ್ಲಿ ಯಾವ ಉತ್ತರಕ್ಕೂ ಹುಡುಗನಿಗೆ ಅಂಥ ಮನ್ನಣೆ ಸಿಕ್ಕಿರಲಿಲ್ಲ.

ಯಂತ್ರ ತಿರುಗಿತು, ಕತ್ತಿ ತಾಗಿತು. ಉಕ್ಕು ನೀಲಿ ಬಣ್ಣದ ಸುರುಳಿಯಾಗಿ ಕಳಚಿ ಬೀಳತೊಡಗಿತು. ಕತ್ತಿಯನ್ನು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಮುಂದೆ ಸರಿಸಿದರೆ ವ್ಯಾಸದಲ್ಲಿ ಅದರ ಎರಡರಷ್ಟು ಕಡಿಮೆಯಾಗುತ್ತದೆ, ಏಕೆಂದರೆ ಸುತ್ತುವ ವಸ್ತು ಎರಡು ಪಕ್ಕದಲ್ಲೂ ಸವೆಯುತ್ತದೆ. ಹೊಸಬರು ಮೊದಲ ಸಲ ಎಡವುವುದು ಇಲ್ಲಿಯೇ ಅಂತೆ. ಬೇರಿಂಗು ಕೂರುವ ಜಾಗ ಬಂದಾಗ ಅವರ ಮಾತು ನಿಂತಿತು. ಬೇರಿಂಗಿನ ಒಳವ್ಯಾಸ ೨೫ ಮಿಲಿಮೀಟರ್. ಶಾಫ್ಟು ಅದಕ್ಕಿಂತ ತೆಳುವಾದರೆ ಬೇರಿಂಗು ಜಾರಿ ಸುತ್ತುತ್ತದೆ. ದಪ್ಪವಾದರೆ ಕೂರುವುದೇ ಇಲ್ಲ, ಇಲ್ಲವೆ ಬಿಗಿದು ಬಿಸಿಯಾಗುತ್ತದೆ. ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲು ಮಾತ್ರ ಹೆಚ್ಚಿರಬೇಕು. ನಮ್ಮ ತಲೆಗೂದಲಿನ ದಪ್ಪ ಅದರ ಐದಾರು ಪಟ್ಟಾದರೂ ಇದ್ದೀತು. ಒಮ್ಮೆ ಕಡೆಯುವುದು, ಯಂತ್ರ ನಿಲ್ಲಿಸುವುದು, ಅಳೆಯುವುದು, ಮತ್ತೆ ಕಡೆಯುವುದು. ಮೆಟ್ಟಿಲಿನ ಮೂಲೆಯನ್ನು ಈ ಸಲ ಚೂಪಾಗಿ ಬಿಡದೆ ಬಟ್ಟಲಿನ ಅಡಿಯಂತೆ ದುಂಡಗೆ ತಿದ್ದಿದರು.

ಬೆಲ್ಟಿನ ಗಾಲಿ ಜಾರದಂತೆ ಶಾಫ್ಟಿನ ಮೇಲೆ ಉದ್ದಕ್ಕೊಂದು ಕಾಲುವೆ ತೋಡಬೇಕಿತ್ತು. ಅದನ್ನು ಪಕ್ಕದಲ್ಲಿದ್ದ ಸಣ್ಣ ಮಿಲ್ಲಿಂಗ್ ಯಂತ್ರದಲ್ಲಿ ಮಾಡಿದರು. ಲೇತಿಗೂ ಇದಕ್ಕೂ ಇರುವ ಭೇದ ಗೃಹಿಣಿಯರಿಗೆ ತಿಳಿಯುವಂತೆ ಹೇಳುವುದಾದರೆ ಹೀಗೆ: ಲೇತಿನಲ್ಲಿ ಕೆಲಸದ ವಸ್ತು ತಿರುಗುತ್ತದೆ, ಕತ್ತಿ ತಿರುಗದೆ ಅದಕ್ಕೆ ಒತ್ತಿ ಸಾಗುತ್ತದೆ. ಮಿಲ್ಲಿಂಗಿನಲ್ಲಿ ಕತ್ತಿಯೇ ತಿರುಗುತ್ತದೆ, ವಸ್ತುವನ್ನು ಅದಕ್ಕೆ ಒಡ್ಡಬೇಕು. ಹಿಡಿ ತಿರುಗಿಸಿ ಕಾಯಿ ತುರಿಯುವ ಯಂತ್ರಕ್ಕೆ ತೆಂಗಿನ ಹೋಳನ್ನು ಒಡ್ಡುವ ಹಾಗೆ. ದುಂಡನೆಯದಕ್ಕೆ ಲೇತ್, ಚಪ್ಪಟೆಯದಕ್ಕೂ ಕಾಲುವೆಗೂ ಮಿಲ್ಲಿಂಗ್. ಇವೆರಡು ಒಂದು ಕೋಣೆಯಲ್ಲಿದ್ದರೆ ಸುತ್ತಲಿನ ಹಳ್ಳಿಗಳ ಪಂಪು, ಟ್ರಾಕ್ಟರು, ಅಕ್ಕಿಯ ಗಿರಣಿ, ಕಬ್ಬಿನ ಗಾಣ ಯಾವುದೂ ಬಹಳ ದಿನ ನಿಂತಿರಬೇಕಾಗಿಲ್ಲ.

ಕೆಲಸ ಸಾಗಿದಂತೆ ಮಾತೂ ಸಾಗಿತು. ಅವರ ಲೇತ್ ಹರಿಹರದ್ದು. ತುಂಗಭದ್ರೆಯ ದಂಡೆಯ ಆ ಊರಿನಲ್ಲಿ ೧೯೪೧ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ನಾಡಿನುದ್ದಗಲಕ್ಕೆ ಹೋದವು. ೧೯೫೩ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಹುಟ್ಟಿತು. ಜನರು ಅದನ್ನು ಕೈಗಡಿಯಾರದ ಹೆಸರಿನಿಂದ ನೆನೆಯುತ್ತಾರಾದರೂ ಅದು ಮೊದಲು ಹೊರಟದ್ದು ಲೇತ್ ಮಾಡುವುದಕ್ಕೆ. ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ಅಲ್ಲಿಂದ ಹೊರಟ ಯಂತ್ರಗಳು ಮಾತ್ರ ಇಂಥ ತಗಡಿನ ಮಾಡಿನಡಿಯಲ್ಲಿ ಇನ್ನೂ ದುಡಿಯುತ್ತಿವೆ.

ಸಂಜೆಯ ವೇಳೆಗೆ ಶಾಫ್ಟು ಸಿದ್ಧವಾಯಿತು. ಬೇರಿಂಗನ್ನು ಬಿಸಿ ಎಣ್ಣೆಯಲ್ಲಿ ಅದ್ದಿಟ್ಟು, ಅದು ತುಸು ಹಿಗ್ಗಿದಾಗ, ಬಳೆ ತೊಡಿಸಿದಂತೆ ಶಾಫ್ಟಿಗೆ ತೊಡಿಸಿದರು. ಕೇಳಿದ ಹಣ ನನಗೆ ಬಹಳ ಕಡಿಮೆಯೆನಿಸಿತು. ಹೊರಡುವಾಗ ಚಿಕ್ಕಪ್ಪನವರು ಲೋಕಾಭಿರಾಮವಾಗಿ, "ಮಗನಿಗೂ ಕಲಿಸಿದಿರೋ?" ಎಂದು ಕೇಳಿದರು.

"ಅವನು ಬೆಂಗಳೂರಿನಲ್ಲಿ ಆಫೀಸು ಕೆಲಸದಲ್ಲಿದ್ದಾನೆ. ನಾನೇ ಓದಿಸಿ ಕಳಿಸಿದೆ. ಈ ಕೈಗಳನ್ನು ನೋಡಿ ಯಾರು ಹೆಣ್ಣು ಕೊಡುತ್ತಾರೆ?" ಎಂದು ಅವರು ಕರಿ ಹಿಡಿದ ಅಂಗೈ ತೋರಿಸಿ ನಕ್ಕರು. "ನನ್ನ ಅನಂತರ ಯಂತ್ರ ಗುಜರಿಗೆ ಹೋದೀತು. ಕಬ್ಬಿಣಕ್ಕಾದರೂ ಬೆಲೆ ಉಂಟಲ್ಲ."

ಆಗ ನನ್ನ ಮಗ ಕೇಳಿದ: "ಅಪ್ಪ, ಪರೀಕ್ಷೆ ಮುಗಿದ ಮೇಲೆ ನಾನು ಇಲ್ಲಿಗೆ ಬಂದು ಕಲಿಯಲೇ?"

"ನೋಡೋಣ, ಮೊದಲು ಪರೀಕ್ಷೆ ಮುಗಿಯಲಿ" ಎಂದೆ. ಈ 'ನೋಡೋಣ' ಎಂಬುದರ ಅರ್ಥ ಎಲ್ಲ ತಂದೆಯರಿಗೂ ಗೊತ್ತು. ಎಲ್ಲ ಮಕ್ಕಳಿಗೂ ಗೊತ್ತು. ಆ ಹಿರಿಯರಿಗೂ ಗೊತ್ತಾಗಿರಬೇಕು. ಅವರು ಸುಮ್ಮನೆ ಯಂತ್ರ ಒರೆಸತೊಡಗಿದರು.

ರಾತ್ರಿಯೆಲ್ಲ ಅಡಿಕೆಯ ಯಂತ್ರ ಓಡಿತು. ಮರುದಿನ ಬೆಳಗ್ಗೆ ಎದ್ದಾಗ ಅಂಗಳದ ರಾಶಿ ಅರ್ಧಕ್ಕಿಳಿದಿತ್ತು. ಒಳಗೆ ಚಿಕ್ಕಮ್ಮನವರು ಕಂಬಕ್ಕೆ ಕಡೆಗೋಲು ಸಿಕ್ಕಿಸಿ, ಹಗ್ಗ ಸುತ್ತಿ, ಎಡಗೈ ಬಲಗೈ ಎಳೆಯುತ್ತ ಮಜ್ಜಿಗೆ ಕಡೆಯುತ್ತಿದ್ದರು. ಹುಡುಗ ಬಾಗಿಲಲ್ಲಿ ನಿಂತು ನೋಡಿ, "ಅಜ್ಜೀ, ಇದೂ ಲೇತೇ!" ಎಂದು ಕೂಗಿದ. ನಾವೆಲ್ಲ ನಕ್ಕೆವು. ಆದರೆ ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಹಗ್ಗ ಸುತ್ತಿ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಮರವನ್ನು ದುಂಡಗೆ ಮಾಡುವುದೇ ಲೋಕದ ಅತಿ ಹಳೆಯ ಲೇತುಗಳ ಕ್ರಮ. ಕನ್ನಡದಲ್ಲಿ 'ಕಡೆ' ಎಂಬ ಒಂದೇ ಧಾತು ಮಜ್ಜಿಗೆಗೂ ಸಲ್ಲುತ್ತದೆ, ಮರಕ್ಕೂ ಸಲ್ಲುತ್ತದೆ, ಶಿಲೆಗೂ ಸಲ್ಲುತ್ತದೆ. ಚನ್ನಪಟ್ಟಣದ ಬೊಂಬೆ ಕಡೆದದ್ದು, ಮಕ್ಕಳ ಬುಗುರಿ ಕಡೆದದ್ದು, ತೊಟ್ಟಿಲಿನ ಕಾಲು ಕಡೆದದ್ದು. ಚೆಲುವಾದುದನ್ನು ಕಂಡರೆ 'ಕಡೆದಿಟ್ಟ ಹಾಗಿದೆ' ಎನ್ನುತ್ತೇವೆ.

ಆ ದಿನ ನನ್ನಾಕೆಯ ಅಪೇಕ್ಷೆಯಂತೆ ದೇವಾಲಯಗಳನ್ನು ನೋಡಲು ಹೊರಟೆವು. ಮೊದಲು ಸೊರಬ ತಾಲ್ಲೂಕಿನ ಆನವಟ್ಟಿಯ ಹತ್ತಿರದ ಕೋಟಿಪುರ. ಅಲ್ಲಿಯ ಕೈಟಭೇಶ್ವರ ದೇವಾಲಯ ೧೧೦೦ರ ಸುಮಾರಿನದು, ಕಲ್ಯಾಣದ ಚಾಲುಕ್ಯರ ಕಾಲದ್ದು. ವಿಶಾಲವಾದ ತೆರೆದ ಮಂಟಪ. ಅದರ ತುಂಬ ಕಂಬಗಳು. ಹಿಂದೆಯೂ ಒಮ್ಮೆ ಈ ಕಂಬಗಳನ್ನು ನೋಡಿದ್ದೆ. 'ಆಹಾ' ಎಂದು ಹೊರಟುಬಂದಿದ್ದೆ. ಈ ಸಲ ಹುಡುಗ ಕಂಬದ ಬುಡದಲ್ಲಿ ಕುಳಿತುಬಿಟ್ಟ. "ಅಪ್ಪ, ಕೆಳಗೆ ಚೌಕವಾಗಿದೆ, ಮೇಲೆ ದುಂಡಗಿದೆ. ಚೌಕ ಉಳಿಯಿಂದ ಮಾಡಿದ್ದು. ದುಂಡನೆಯದು ತಿರುಗಿಸಿ ಮಾಡಿದ್ದು. ಈ ಗೆರೆಗಳನ್ನು ನೋಡಿ, ಸುತ್ತಲೂ ಒಂದೇ ಸಮ."

ಅವನು ಹೇಳಿದ್ದು ಸರಿ. ಕಲಾಚರಿತ್ರೆ ಬರೆದವರೂ ಇವನ್ನು ಕಡೆದ ಕಂಬಗಳೆಂದೇ ಕರೆಯುತ್ತಾರೆ. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೃದು, ಗಾಳಿಗೆ ಒಡ್ಡಿದಂತೆ ಗಟ್ಟಿ; ಅದರಿಂದಲೇ ಇಷ್ಟು ನವಿರಾದ ಕೆಲಸ ಸಾಧ್ಯವಾಯಿತು. ಘಂಟೆಯ ಆಕಾರ, ಅದರ ಮೇಲೆ ತೆಳು ಬಿಲ್ಲೆ, ಮತ್ತೆ ಕುಂಭ, ಮತ್ತೆ ಬಿಲ್ಲೆ. ಅಂಚುಗಳು ಇನ್ನೂ ಹರಿತ, ಮೈ ಇನ್ನೂ ನುಣುಪು. ಕಂಬವನ್ನು ನಿಲ್ಲಿಸಿ ತಿರುಗಿಸಿದರೆಂದು ಕೆಲವರು, ಮಲಗಿಸಿ ತಿರುಗಿಸಿದರೆಂದು ಕೆಲವರು ವಾದಿಸುತ್ತಾರೆ. ಹೇಗೆ ತಿರುಗಿಸಿದರೂ ಒಂದು ಮಾತು ನಿಶ್ಚಯ. ಅಷ್ಟು ಭಾರದ ಕಲ್ಲಿಗೆ ಮೊದಲು ಕೇಂದ್ರ ಹುಡುಕಿದವನೊಬ್ಬನಿದ್ದ. ಅವನು ಅವಸರಪಟ್ಟಿದ್ದರೆ ಒಂದು ಪಕ್ಕ ಹೆಚ್ಚು ಸವೆದು ಕಂಬ ಕೆಟ್ಟುಹೋಗುತ್ತಿತ್ತು.

ಅಲ್ಲಿಂದ ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಗೆ ಹೋದೆವು. ಅದು ಶಿಕಾರಿಪುರ ತಾಲ್ಲೂಕು, ಅಲ್ಲಮಪ್ರಭುವಿನ ಊರು. ಕೇದಾರೇಶ್ವರ ದೇವಾಲಯದ ಮಂಟಪದಲ್ಲಿಯೂ ಇಂಥವೇ ಕಂಬಗಳು. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಶಿಲಾಬಾಲಿಕೆಯರನ್ನು ಕೆತ್ತಿ ಹೆಸರು ಬರೆದಿಟ್ಟ ದಾಸೋಜನೂ ಅವನ ಮಗ ಚಾವಣನೂ ಈ ಬಳ್ಳಿಗಾವಿಯವರೇ. ತಂದೆ ಮಗ ಇಬ್ಬರೂ ಒಂದೇ ಕೆಲಸದಲ್ಲಿ, ಒಂದೇ ಗುಡಿಯಲ್ಲಿ. ಆ ತಂದೆ ತನ್ನ ಮಗನಿಗೆ 'ನೋಡೋಣ' ಎಂದಿರಲಿಲ್ಲವೆಂಬುದು ಆ ಗಳಿಗೆಯಲ್ಲಿ ನನಗೆ ತಟ್ಟಿತು.

ನಮ್ಮಂಥವರ ಮನೆಗಳ ವಿಚಿತ್ರವನ್ನು ನೋಡಿ. ಕಡೆದ ಕಂಬವನ್ನು ನೋಡಲು ರಜೆ ಹಾಕಿ, ಕಾರು ಮಾಡಿಕೊಂಡು ಹೋಗುತ್ತೇವೆ. ಕಂಬದ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳುತ್ತೇವೆ. ನಮ್ಮ ಹಿರಿಯರ ಕೈಚಳಕವೆಂದು ಮಕ್ಕಳಿಗೆ ಹೇಳುತ್ತೇವೆ. ಅದೇ ಮಕ್ಕಳು ಕಡೆಯುವ ಯಂತ್ರದ ಹತ್ತಿರ ಹೋದರೆ 'ಅಂಗಿ ಕೊಳೆಯಾದೀತು' ಎಂದು ಈಚೆಗೆ ಎಳೆಯುತ್ತೇವೆ. ಕೈ ಕೊಳೆಯಾಗುವ ಕೆಲಸ ಓದಿನಲ್ಲಿ ಹಿಂದುಳಿದವರಿಗೆ ಎಂದು ಯಾರು ನಮಗೆ ಹೇಳಿಕೊಟ್ಟರೋ ಕಾಣೆ. ರಷ್ಯದ ಚಕ್ರವರ್ತಿ ಮಹಾಪೀಟರನು ಅರಮನೆಯಲ್ಲಿ ಲೇತ್ ಇರಿಸಿಕೊಂಡು ದಂತವನ್ನೂ ಮರವನ್ನೂ ತಾನೇ ಕಡೆಯುತ್ತಿದ್ದ. ಜೊತೆಗೆ ನಾರ್ತೋವ್ ಎಂಬ ಕುಶಲಿಯಿದ್ದ. ೧೮೦೦ರ ಸುಮಾರಿಗೆ ಲಂಡನ್ನಿನಲ್ಲಿ, ತಿರುಪುಗಳನ್ನು ಒಂದೇ ಅಳತೆಯಲ್ಲಿ ಕಡೆಯಬಲ್ಲ ಲೋಹದ ಲೇತನ್ನು ರೂಪಿಸಿದ ಹೆನ್ರಿ ಮಾಡ್ಸ್ಲೆ ಹನ್ನೆರಡನೆಯ ವಯಸ್ಸಿಗೇ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ಹುಡುಗ. ಅದೇ ಲಂಡನ್ನಿನಲ್ಲಿ ೧೮೯೮ರಲ್ಲಿ, ಮನೆಯಲ್ಲೇ ಸಣ್ಣ ಯಂತ್ರಗಳನ್ನು ಮಾಡುವ ಹವ್ಯಾಸಿಗಳಿಗೆಂದೇ ಒಂದು ಪತ್ರಿಕೆ ಆರಂಭವಾಯಿತು. ಸಂಗೀತವನ್ನೂ ಚಿತ್ರವನ್ನೂ ಹವ್ಯಾಸವೆಂದು ಒಪ್ಪುವ ನಾವು ಇದನ್ನು ಒಪ್ಪದಿರಲು ಎಣ್ಣೆಯ ಕಲೆಯ ಹೊರತು ಬೇರೆ ಕಾರಣ ನನಗೆ ಕಾಣಲಿಲ್ಲ.

ಕಾರಿನಲ್ಲಿ ಹಿಂದಿರುಗುವಾಗ ನನ್ನಾಕೆ ಕೇಳಿದಳು: "ನಿನ್ನೆ ಆ ಹಿರಿಯರು ಇಲ್ಲದಿದ್ದರೆ ಚಿಕ್ಕಪ್ಪನವರ ಅಡಿಕೆಯ ಗತಿ ಏನಾಗುತ್ತಿತ್ತು?" ಮುಂದಿನ ಆಸನದಲ್ಲಿದ್ದ ಚಿಕ್ಕಪ್ಪನವರು ತಿರುಗದೆಯೇ ಹೇಳಿದರು: "ಇನ್ನು ಹತ್ತು ವರ್ಷಕ್ಕೆ ಏನಾಗುತ್ತದೆ ಅಂತ ಕೇಳು." ನಾನು ಮಗನ ಕಡೆ ತಿರುಗಿ, "ಪರೀಕ್ಷೆ ಮುಗಿದ ವಾರವೇ ಬಾ. ಚಿಕ್ಕಜ್ಜನ ಮನೆಯಲ್ಲಿದ್ದು ಕಲಿ" ಎಂದೆ. ಅವನು ನಂಬಲಿಲ್ಲ. ನಾನು ಆ ರಾತ್ರಿಯೇ ಲೇತ್ ಅಂಗಡಿಗೆ ಫೋನು ಮಾಡಿದ ಮೇಲೆ ನಂಬಿದ.

ಬೇಸಗೆಯಲ್ಲಿ ಒಂದು ತಿಂಗಳು ಅವನು ಅಲ್ಲಿದ್ದ. ಮೊದಲ ವಾರವಿಡೀ ಯಂತ್ರ ಮುಟ್ಟಿಸಲಿಲ್ಲವಂತೆ. ಗುಡಿಸುವುದು, ಎಣ್ಣೆ ಹಾಕುವುದು, ಅಳೆಯುವುದು ಇಷ್ಟೇ. ಎಚ್ಚರಿಕೆಗಳನ್ನು ಬಾಯಿಪಾಠ ಮಾಡಿಸಿದರಂತೆ. ಮಕ್ಕಳಲ್ಲಿ ಈ ಆಸೆಯಿರುವ ಮನೆಗಳಿಗೆ ಉಪಯೋಗವಾದೀತೆಂದು ಅವನ್ನು ಇಲ್ಲಿ ಬರೆಯುತ್ತೇನೆ. ಸಡಿಲ ತೋಳು, ಶಲ್ಯ, ಸೆರಗು, ಉಂಗುರ, ಬಿಟ್ಟ ಕೂದಲು ತಿರುಗುವ ಯಂತ್ರದ ಹತ್ತಿರ ಕೂಡದು. ಕೈಗವಸು ರಕ್ಷಣೆಯೆಂದು ತಿಳಿಯಬಾರದು; ಲೇತಿನ ಮುಂದೆ ಅದು ಕೈಯನ್ನೇ ಒಳಗೆಳೆಯುತ್ತದೆ. ಕಣ್ಣಿಗೆ ಕನ್ನಡಕ ತಪ್ಪಬಾರದು. ಉಕ್ಕಿನ ಸುರುಳಿಯನ್ನು ಬರಿಗೈಯಿಂದ ಎಳೆಯಬಾರದು. ಹಿಡಿತ ಬಿಗಿ ಮಾಡುವ ಚಾವಿಯನ್ನು ಅದರಲ್ಲಿಯೇ ಮರೆತು ಯಂತ್ರ ಹಚ್ಚಿದರೆ ಅದು ಕವಣೆಯ ಕಲ್ಲಾಗುತ್ತದೆ. ಇಷ್ಟನ್ನು ಪಾಲಿಸಲಾರದವರು ಯಂತ್ರವನ್ನು ದೂರದಿಂದ ನೋಡುವುದೇ ಲೇಸು.

ಊರಿಗೆ ಬಂದವನ ಬೆರಳ ಸಂದುಗಳಲ್ಲಿ ಕರಿ ಇನ್ನೂ ಹೋಗಿರಲಿಲ್ಲ. ಚೀಲದಿಂದ ಒಂದು ಹಿತ್ತಾಳೆಯ ಬುಗುರಿ ತೆಗೆದು ನನ್ನ ಮೇಜಿನ ಮೇಲೆ ತಿರುಗಿಸಿದ. ಚೆನ್ನಾಗಿಯೇ ತಿರುಗಿತು. ನಾನು ಮೆಚ್ಚುವಷ್ಟರಲ್ಲಿ ಅವನೇ ಕಣ್ಣು ಕಿರಿದು ಮಾಡಿ, "ಸ್ವಲ್ಪ ಅಲುಗುತ್ತದೆ ಅಪ್ಪ. ಕೇಂದ್ರ ತಪ್ಪಿದೆ. ದಸರೆಯ ರಜೆಗೆ ಹೋಗಿ ಇನ್ನೊಂದು ಮಾಡುತ್ತೇನೆ" ಎಂದ.

ಅಂಕಗಳ ವಿಷಯದಲ್ಲಿ ಅವನು ತನ್ನ ತಪ್ಪನ್ನು ಹೀಗೆ ತಾನಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. "ಹೋಗಿ ಬಾ" ಎಂದೆ. ಈ ಸಲ 'ನೋಡೋಣ' ಎನ್ನಲಿಲ್ಲ.